ದೂರದವರು ಬೇಕಾಗಿದ್ದಾರೆ

ದೂರು ಎಂಬ ಪದಕ್ಕೂ ದೂರ ಎಂಬ ಪದಕ್ಕೂ ಏನೋ ಸಂಬಂಧ ಇರಲೇಬೇಕು ಎಂದು ನಾನು ಬಹಳ ಕಾಲದಿಂದ ನಂಬಿಕೊಂಡಿದ್ದೇನೆ. ನಮ್ಮ ಹೈಸ್ಕೂಲಿನ ಕನ್ನಡ ಪಂಡಿತರನ್ನು ಕೇಳಿದೆ. ಅವರು ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, "ಹಂಗೇನೂ ಇಲ್ಲ ಕಣ್ರೀ, ನೀವು ಡ್ರಾಯಿಂಗ್ ಮೇಷ್ಟ್ರು, ನಿಮ್ಮ ಪಾಡಿಗೆ ಹೂಜಿ ಬಿಡಿಸಿ" ಎಂದುಬಿಟ್ಟರು. ಪಂಡಿತರಿಗೆ ವ್ಯಾಕರಣ ಗೊತ್ತಿರಬಹುದು, ಪಟ್ಟಣ ಪಂಚಾಯ್ತಿ ಗೊತ್ತಿಲ್ಲ. ದೂರು ಕೊಡಬೇಕೆಂದರೆ ಕೊಡುವವನಿಗೂ ತೆಗೆದುಕೊಳ್ಳುವವನಿಗೂ ನಡುವೆ ಒಂದಿಷ್ಟು ದೂರ ಬೇಕು. ನಮ್ಮ ಸೀಮೆಯಲ್ಲಿ ಇಲ್ಲದಿರುವುದು ಅದೊಂದೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನ ಒಳಗೆ ಯಾರನ್ನೇ ನಿಲ್ಲಿಸಿ ಯಾವೂರು ಎಂದು ಕೇಳಿ. ಒಂದು ಎಳನೀರು ಕುಡಿದು ಮುಗಿಸುವಷ್ಟರಲ್ಲಿ ಅವನು ನಿಮಗೆ ಭಾವನೋ ಷಡ್ಡಕನೋ ಸೋದರಮಾವನ ಬೀಗನೋ ಆಗಿರುತ್ತಾನೆ. ಆಮೇಲೆ ಅವನ ಮೇಲೆ ಎಲ್ಲಿಂದ ದೂರು ಕೊಡುತ್ತೀರಿ? ನಮ್ಮ ಊರಿನ ಹೆಸರನ್ನು ನಾನು ಇಲ್ಲಿ ಹೇಳದೆ ಇರುವುದಕ್ಕೂ ಅದೇ ಕಾರಣ. ಹೇಳಿದರೆ ಬೇಜಾರು ಮಾಡಿಕೊಳ್ಳುವ ನೆಂಟರು ಆ ಆಫೀಸಿನಲ್ಲಿ ಈಗಲೂ ಇದ್ದಾರೆ.

ವಿಷಯ ಇಷ್ಟೇ. ಈ ತೊಂಬತ್ತರ ದಶಕದ ಕೊನೆಗೆ, ಹೋದ ವರ್ಷ ಶುರುವಾದ ಮಾತು ಇದು. ನಮ್ಮ ಮನೆಗೂ ಬೀದಿಗೂ ನಡುವೆ ಪಟ್ಟಣ ಪಂಚಾಯ್ತಿಯ ಚರಂಡಿ ಹರಿಯುತ್ತದೆ. ಹರಿಯುತ್ತದೆ ಎಂದದ್ದು ಅಭ್ಯಾಸಬಲದಿಂದ, ಅದು ಹೆಚ್ಚಾಗಿ ನಿಂತೇ ಇರುತ್ತದೆ. ಅದರ ಮೇಲೆ ಅಡ್ಡಲಾಗಿ ಒಂದು ಕಲ್ಲು ಚಪ್ಪಡಿ ಇತ್ತು. ಒಂದು ದಿನ ಪಕ್ಕದ ಮನೆಗೆ ತೆಂಗಿನ ಮಟ್ಟೆ ತುಂಬಿಕೊಂಡು ಬಂದ ಟ್ರ್ಯಾಕ್ಟರು ಹಿಂದಕ್ಕೆ ತಿರುಗುವಾಗ ಅದರ ಮೇಲೆ ಹತ್ತಿತು, ಚಪ್ಪಡಿ ಎರಡು ಹೋಳಾಗಿ ಚರಂಡಿಗೆ ಬಿತ್ತು. ಟ್ರ್ಯಾಕ್ಟರು ಓಡಿಸುತ್ತಿದ್ದವನು ನಮ್ಮ ಸೋದರತ್ತೆಯ ಮೊಮ್ಮಗ. ಇಳಿದು ಬಂದು, "ನೋಡ್ಲಿಲ್ಲ ಕಣ್ ಮಾವ" ಎಂದ. ಮಾವ ಅಂದಮೇಲೆ ಮುಗಿಯಿತು. ನಾನು ಅವನಿಗೆ ಕಾಫಿ ಕೊಟ್ಟು ಕಳಿಸಿದೆ.

ನನಗೂ ನನ್ನ ಹೆಂಡತಿ ಲಲಿತಳಿಗೂ ಇದರಿಂದ ಅಂಥ ತೊಂದರೆಯೇನೂ ಆಗಲಿಲ್ಲ. ತೋಟದಿಂದ ತೆಂಗಿನ ಮರದ ಒಂದು ಸೀಳು ತರಿಸಿ ಅಡ್ಡ ಹಾಕಿಕೊಂಡೆವು. ತೊಂದರೆ ಆದದ್ದು ನಮ್ಮವ್ವನಿಗೆ. ಅವ್ವ ದಿನಾ ಊಟವಾದ ಮೇಲೆ ಒಂದು ಕಂತೆ ತೆಂಗಿನ ಗರಿ ಹಿಡಿದುಕೊಂಡು ಎದುರು ಮನೆಯ ಹೊನ್ನಜ್ಜಿಯ ಜಗುಲಿಗೆ ಹೋಗಿ ಕೂರುತ್ತಿದ್ದಳು. ಇಬ್ಬರೂ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಾ ಊರಿನವರ ಸಮಾಚಾರವನ್ನೆಲ್ಲ ಸೀಳಿ ಹಾಕುತ್ತಿದ್ದರು. ಅವರು ಮಾಡಿದ ಪೊರಕೆಗಳನ್ನು ಗುಡಿಸಿ ಸವೆಸಲು ನಮ್ಮ ಬೀದಿಯಲ್ಲಿ ಅಷ್ಟು ಮನೆಗಳೇ ಇರಲಿಲ್ಲ, ಆದರೂ ಮಾಡುತ್ತಿದ್ದರು. ಚಪ್ಪಡಿ ಹೋದ ಮಾರನೆಯ ದಿನ ಅವ್ವ ಆ ಸೀಳಿನ ಮೇಲೆ ಕಾಲಿಟ್ಟಳು, ಜಾರಿದಳು, ಮೊಣಕಾಲವರೆಗೂ ಚರಂಡಿಗೆ ಇಳಿದಳು. ದೇವರು ದೊಡ್ಡವನು, ಮೂಳೆಗೇನೂ ಆಗಲಿಲ್ಲ. ಆದರೆ ಧೈರ್ಯ ಹೋಗಿಬಿಟ್ಟಿತು. ಮತ್ತೆ ಅವಳು ಹೊಸ್ತಿಲು ದಾಟಿ ಅಂಗಳದವರೆಗೆ ಬಂದು, ಚರಂಡಿಯನ್ನು ನೋಡಿ, ಹಾಗೇ ಒಳಗೆ ಹೋಗುತ್ತಿದ್ದಳು.

ಹೊನ್ನಜ್ಜಿ ಈ ಕಡೆ ಬರುವ ಹಾಗಿರಲಿಲ್ಲ, ಅವಳಿಗೆ ಮಂಡಿನೋವು. ಹಾಗಾಗಿ ಮೊದಮೊದಲು ಇಬ್ಬರೂ ಅವರವರ ಜಗುಲಿಯ ಮೇಲೆ ಕೂತು ಬೀದಿಯ ಈ ಕಡೆಯಿಂದ ಆ ಕಡೆಗೆ ಮಾತಾಡಲು ನೋಡಿದರು. ಹೊನ್ನಜ್ಜಿಗೆ ಕಿವಿ ಮಂದ. "ನಿನ್ ಮಗನ್ಗೆ ಹೊಟ್ಟೆ ಹೆಂಗೈತೆ ಈಗ?" ಎಂದು ಅವಳು ಅಲ್ಲಿಂದ ಕೂಗುವುದು, "ಅಂಗೇ ಐತೆ, ರಾತ್ರಿ ಮಜ್ಜಿಗೆ ಬ್ಯಾಡ ಅಂದ್ರೂ ಕೇಳಲ್ಲ" ಎಂದು ಅವ್ವ ಇಲ್ಲಿಂದ ಕೂಗುವುದು. ಆ ವಾರ ಶಾಲೆಯಲ್ಲಿ ಎಂಟನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ಮಜ್ಜಿಗೆ ಬದಲು ಜೀರಿಗೆ ಕಷಾಯ ಕುಡೀಬೇಕಂತೆ, ನಮ್ಮಜ್ಜಿ ಹೇಳ್ತು" ಎಂದಳು. ನಾನು ಅವ್ವನಿಗೆ ಸ್ವಲ್ಪ ಮೆಲ್ಲಗೆ ಮಾತಾಡು ಎಂದೆ. ಮೆಲ್ಲಗೆ ಮಾತಾಡಿದರೆ ಹೊನ್ನಜ್ಜಿಗೆ ಕೇಳದು. ಸ್ವಲ್ಪ ದಿನ ಕೈ ಬಾಯಿ ಸನ್ನೆ ನಡೆಯಿತು. ಆಮೇಲೆ ಅದೂ ನಿಂತಿತು. ಗರಿಯ ಕಂತೆ ಅಂಗಳದ ಮೂಲೆಯಲ್ಲಿ ಒಣಗುತ್ತಾ ಬಿದ್ದಿತ್ತು. ಅವ್ವ ಊಟವಾದ ಮೇಲೆ ಮಲಗಲು ಶುರುಮಾಡಿದಳು. ಹಗಲು ಮಲಗುವ ಜಾತಿಯೇ ಅಲ್ಲ ಅವಳು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು, ಈ ಸಲ ಮಜ್ಜಿಗೆಯಿಂದಲ್ಲ.

ನೀವೇ ಒಂದು ಚಪ್ಪಡಿ ತಂದು ಹಾಕಿಸಬಾರದಿತ್ತೇ ಎಂದು ನೀವು ಕೇಳಬಹುದು. ಲಲಿತಳೂ ಕೇಳಿದಳು. ಹಿಂದಿನ ಬೀದಿಯಲ್ಲಿ ಒಬ್ಬರು ಹಾಗೆ ಸ್ವಂತ ಚಪ್ಪಡಿ ಹಾಕಿಸಿದ್ದಕ್ಕೆ ಚರಂಡಿ ಒತ್ತುವರಿ ಎಂದು ನೋಟೀಸು ಬಂದಿತ್ತು. ನಾನು ಸರ್ಕಾರಿ ಸಂಬಳದವನು, ನೋಟೀಸು ಬಂದರೆ ಶಾಲೆಯಲ್ಲೂ ಉತ್ತರ ಕೊಡಬೇಕು. ಅದೂ ಅಲ್ಲದೆ, ಕಂದಾಯ ಕಟ್ಟುವ ಪೌರನಾದ ನನಗೆ ಹಕ್ಕು ಎಂಬುದೊಂದು ಇದೆ ಎಂದು ನಾನು ಸ್ವಾತಂತ್ರ್ಯ ದಿನಾಚರಣೆಯ ಭಾಷಣಗಳಲ್ಲಿ ಅನೇಕ ಸಲ ಹೇಳಿದ್ದೆ. ಆ ಹಕ್ಕು ಎಲ್ಲಿದೆ ಎಂದು ಒಮ್ಮೆ ನೋಡಿಯೇ ಬಿಡೋಣ ಎನ್ನಿಸಿತು. ಕೂತು ಒಂದು ದೂರು ಬರೆದೆ. ಬರಹ ನನ್ನ ಕೈಗೆ ಅಷ್ಟು ಒಗ್ಗುವುದಿಲ್ಲವಾದ್ದರಿಂದ ಜೊತೆಗೆ ಒಂದು ಚಿತ್ರವನ್ನೂ ಬಿಡಿಸಿದೆ. ಮುರಿದ ಚಪ್ಪಡಿ, ನಿಂತ ನೀರು, ನೀರಿನಲ್ಲಿ ಒಂದು ತೆಂಗಿನ ಕರಟ, ದಡದಲ್ಲಿ ನಿಂತ ಮುದುಕಿ. ಪೆನ್ಸಿಲ್ ಶೇಡಿಂಗು ಎಷ್ಟು ಚೆನ್ನಾಗಿ ಬಂತೆಂದರೆ ಕೊಡಲು ಮನಸ್ಸಾಗಲಿಲ್ಲ, ಇನ್ನೊಂದು ಪ್ರತಿ ಬಿಡಿಸಿಕೊಂಡು ಒಂದನ್ನು ಕೊಟ್ಟೆ.

ಆಫೀಸಿನಲ್ಲಿ ಅದನ್ನು ತೆಗೆದುಕೊಂಡ ಗುಮಾಸ್ತರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಪಕ್ಕದ ಮೇಜಿನವರಿಗೂ ತೋರಿಸಿದರು. "ನಮ್ ಚರಂಡಿ ಇಷ್ಟು ಲಕ್ಷಣವಾಗೈತಾ ಮೇಷ್ಟ್ರೇ?" ಎಂದರು. ಸೀಲು ಹಾಕುವಾಗ ಮುದುಕಿಯ ಮೇಲೆ ಬೀಳದಂತೆ ಜೋಪಾನವಾಗಿ ಮೂಲೆಗೆ ಹಾಕಿದರು. 'ಸ್ಥಳ ತನಿಖೆ ಮಾಡಿ ವರದಿ ಸಲ್ಲಿಸಿ' ಎಂಬ ಷರಾದೊಡನೆ ದೂರು ಒಳಗೆ ಹೋಯಿತು. ಸ್ಥಳ ತನಿಖೆ ಎಂಬ ಮಾತು ಕೇಳಿ ನನಗೆ ಎದೆ ಉಬ್ಬಿತು. ಯಾರೋ ಬರುತ್ತಾರೆ, ನೋಡುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ, ಬರೆದುಕೊಳ್ಳುತ್ತಾರೆ. ನಾನು ಮನೆಗೆ ಬಂದು ಅಂಗಳ ಗುಡಿಸಿಸಿದೆ.

ಬಂದವರು ಹೆಲ್ತ್ ಇನ್ಸ್‌ಪೆಕ್ಟರು. ಮೊಪೆಡ್ಡನ್ನು ಬೀದಿಯಲ್ಲೇ ನಿಲ್ಲಿಸಿ, ತೆಂಗಿನ ಸೀಳಿನ ಮೇಲೆ ಎರಡು ಕೈ ಚಾಚಿಕೊಂಡು ದೊಂಬರಾಟದವರ ಹಾಗೆ ದಾಟಿ ಬಂದರು. ಇಷ್ಟು ಸಾಕ್ಷಿ ಸಾಲದೇ ಎಂದು ನಾನು ಒಳಗೊಳಗೇ ಸಂತೋಷಪಟ್ಟೆ. ಅಷ್ಟರಲ್ಲಿ ಮಲಗಿದ್ದ ಅವ್ವ ಹೊಸಬರ ದನಿ ಕೇಳಿ ಎದ್ದು ಬಂದಳು. ಎಷ್ಟೋ ದಿನದಿಂದ ಹೊಸ ಮುಖ ಕಾಣದವಳು. ಬಂದವಳೇ ಕಂಬಕ್ಕೆ ಒರಗಿ ಕೂತು ತನ್ನ ತನಿಖೆ ಆರಂಭಿಸಿದಳು.

"ಯಾವೂರಪ್ಪ ನಿಂದು?"

"ದಬ್ಬೇಘಟ್ಟ ಕಣಮ್ಮ."

"ದಬ್ಬೇಘಟ್ಟದಾಗೆ ಯಾರ ಮನೆ? ನಮ್ಮಣ್ಣನ ಹೆಂಡ್ತಿ ತಂಗೀನ ಅಲ್ಗೇ ಕೊಟ್ಟಿದ್ರು. ಮನೆ ಮುಂದೆ ದೊಡ್ಡ ಹುಣಸೆ ಮರ ಐತೆ."

ಇನ್ಸ್‌ಪೆಕ್ಟರು ಪುಸ್ತಕ ಮುಚ್ಚಿದರು. "ಅಯ್ಯೋ, ಅವ್ರು ನಮ್ ದೊಡ್ಡಮ್ಮ ಅಲ್ವಾ! ಅಂಗಾರೆ ನೀವು ನಂಗೆ ಅತ್ತೆ ಆಗ್ಬೇಕು!"

ಅಲ್ಲಿಗೆ ನನ್ನ ದೂರು ಸತ್ತಿತು. ಅವ್ವ ತಾನೇ ನಿಂತು ಎಳನೀರು ಕೆತ್ತಿಸಿದಳು. ಲಲಿತ ಉಪ್ಪಿಟ್ಟು ಮಾಡಿದಳು. ದೊಡ್ಡಮ್ಮನ ಸಕ್ಕರೆ ಕಾಯಿಲೆ, ದೊಡ್ಡಮ್ಮನ ಸೊಸೆಯ ಬಾಯಿ, ಹುಣಸೆ ಮರ ಯಾರ ಪಾಲಿಗೆ ಹೋಯಿತು ಎಂಬುದು, ಎಲ್ಲವೂ ಕೂಲಂಕಷವಾಗಿ ತನಿಖೆಯಾಯಿತು. ನಾನು ನಡುವೆ ಒಂದು ಸಲ ಕೆಮ್ಮಿ, "ಚರಂಡಿ..." ಎಂದೆ. ಅವ್ವ ನನ್ನ ಕಡೆ ತಿರುಗಿ, "ಉಣ್ಣೋರ ಮುಂದೆ ಎಂಥ ಮಾತು ಅದು?" ಎಂದು ಗದರಿದಳು. ಹೋಗುವಾಗ ಇನ್ಸ್‌ಪೆಕ್ಟರು ಮತ್ತೆ ಕೈ ಚಾಚಿಕೊಂಡು ದಾಟಿ, ಆ ಕಡೆಯಿಂದ, "ಆಗ್ಲಿ ಬುಡಿ ಅತ್ತೆ, ನೋಡಣ" ಎಂದು ಕೂಗಿದರು. ಕೆಲವು ದಿನಗಳ ಮೇಲೆ ನನಗೆ ಹಿಂಬರಹ ಬಂತು. ದೂರುದಾರರೊಂದಿಗೆ ಸ್ಥಳದಲ್ಲಿ ಸೌಹಾರ್ದಯುತವಾಗಿ ಚರ್ಚಿಸಲಾಗಿದ್ದು, ಸದರಿ ದೂರನ್ನು ವಿಲೇ ಮಾಡಲಾಗಿದೆ. ನಮ್ಮ ಆಫೀಸುಗಳಲ್ಲಿ ಕಸಕ್ಕೂ ದೂರಿಗೂ ವಿಲೇವಾರಿ ಎಂಬ ಒಂದೇ ಪದ ಬಳಸುತ್ತಾರೆ ಎಂಬುದನ್ನು ನಾನು ಅವತ್ತೇ ಗಮನಿಸಿದ್ದು. ಕಸವಾದರೂ ಎಲ್ಲಿಗೆ ಹೋಯಿತು ಎಂದು ಗೊತ್ತಾಗುತ್ತದೆ, ಕೆರೆ ಏರಿಯ ಹಿಂದೆ ಬಿದ್ದಿರುತ್ತದೆ.

ನೆಂಟರಿದ್ದರೆ ಕೆಲಸ ಬೇಗ ಆಗುತ್ತದೆ ಎಂದು ಬೇರೆ ಕಡೆಯವರು ತಿಳಿದುಕೊಂಡಿದ್ದಾರೆ. ಅವರ ಕಡೆ ಹಾಗಿರಬಹುದು. ನಮ್ಮಲ್ಲಿ ನೆಂಟನನ್ನು ಎರಡನೇ ಸಲ ಕೇಳುವ ಹಾಗಿಲ್ಲ. ಕೇಳಿದರೆ, "ಒಂದು ಚಪ್ಪಡಿಗೋಸ್ಕರ ನೆಂಟಸ್ತಿಕೆ ಕೆಡಿಸ್ಕೊಂಡ್ರು" ಎಂಬ ಮಾತು ಬರುತ್ತದೆ. ಅವನ ಕಷ್ಟವೂ ಕಷ್ಟವೇ. ನಾನು ಒಂದು ದಿನ ಸಂತೆಯಲ್ಲಿ ಇನ್ಸ್‌ಪೆಕ್ಟರ್ ಎದುರಾದಾಗ ಏನೂ ಕೇಳದೆ ಬರೀ ಮುಖ ನೋಡಿದೆ. ಅವರೇ ಹೇಳಿದರು: "ಹಾಕ್ಸಬೋದು ಕಣ್ರೀ. ಆದ್ರೆ ಇಡೀ ಊರ ಚರಂಡಿ ಬುಟ್ಟು ಅವ್ರ ಅತ್ತೆ ಮನೆ ಮುಂದ್ಲದ್ನೇ ಮೊದ್ಲು ಮಾಡ್ಸವ್ನೆ ಅಂತ ಆಡ್ಕಳಲ್ವಾ ಜನ?" ಪ್ರಾಮಾಣಿಕ ಮನುಷ್ಯ. ನಾನು ಹೌದು ಹೌದು ಎಂದು ಅವರ ಚೀಲಕ್ಕೆ ಒಂದು ಕೈ ಹಿಡಿದು ಬಸ್ಸು ಹತ್ತಿಸಿ ಬಂದೆ.

ಎರಡನೇ ದೂರು ಕೊಡುವ ಮೊದಲು ನಾನು ಅವ್ವನ ಹತ್ತಿರ ಕೂತು ಮಾತಾಡಿದೆ. "ಈ ಸಲ ಯಾರೇ ಬರಲಿ, ಯಾವೂರು ಅಂತ ಕೇಳಬೇಡ" ಎಂದೆ. ಅವ್ವ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದಳು. ಮನೆಗೆ ಬಂದವರನ್ನು ಯಾವೂರು ಎಂದು ಕೇಳದೆ ಇರುವುದು ಅವಳ ಪ್ರಕಾರ ಕಾಲಿಗೆ ನೀರು ಕೊಡದೆ ಇರುವುದಕ್ಕಿಂತ ದೊಡ್ಡ ಅಪರಾಧ. ನಿನಗೆ ಹೊನ್ನಜ್ಜಿ ಬೇಕೋ ಬೇಡವೋ ಎಂದು ಕೇಳಿದೆ. ಗರಿಯ ಕಂತೆಯ ಕಡೆ ನೋಡಿದಳು. ಆಮೇಲೆ, "ಆಗ್ಲಿ, ಕೇಳಲ್ಲ ಬುಡು" ಎಂದಳು.

ಮಾತಿಗೆ ತಪ್ಪಲಿಲ್ಲ. ಈ ಸಲ ಬಂದ ವರ್ಕ್ ಇನ್ಸ್‌ಪೆಕ್ಟರ್ ಕಂದಿಕೆರೆಯವರು. ಹಾಗೆಂದು ಆಮೇಲೆ ಗೊತ್ತಾಯಿತು. ಅವರು ಟೇಪು ಬಿಚ್ಚಿ ಚರಂಡಿ ಅಳೆಯುತ್ತಿದ್ದರೆ ಅವ್ವ ತುಟಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಅವಳು ಪಡುತ್ತಿದ್ದ ಹಿಂಸೆ ನೋಡಲಾಗುತ್ತಿರಲಿಲ್ಲ. ಅಳತೆ ಎಲ್ಲ ಮುಗಿಯಿತು, ಇನ್ನೇನು ಬರೆದುಕೊಂಡು ಹೋಗಬೇಕು, ಅಷ್ಟರಲ್ಲಿ ಆತನೇ ತಲೆಯೆತ್ತಿ, "ಅಜ್ಜೀ, ನಿಮ್ ಮಾತು ಕೇಳಿದ್ರೆ ಹುಳಿಯಾರ್ ಕಡೆಯೋರ ಥರ ಐತಲ್ಲ, ತವರು ಯಾವೂರು?" ಎಂದರು. ಅವ್ವ ನನ್ನ ಕಡೆ ನೋಡಿದಳು. ನಾನು ಕೇಳಲಿಲ್ಲವಲ್ಲ, ಅವನೇ ಕೇಳಿದ್ದು ಎಂದು ಆ ನೋಟದ ಅರ್ಥ. ಊರ ಹೆಸರು ಹೇಳಿದಳು. ಆತ ಆ ಊರಿನ ಅಳಿಯ! ತನ್ನ ಊರಿನ ಅಳಿಯ ಎಂದರೆ ತನಗೂ ಅಳಿಯನೇ ತಾನೆ? ಅಳಿಯಂದಿರಿಗೆ ಚರಂಡಿ ತೋರಿಸುತ್ತಾ ನಿಂತಿದ್ದೀಯಲ್ಲ, ನಿನಗೆ ಬುದ್ಧಿ ಇದೆಯಾ ಎಂದು ನನಗೇ ಬೈಗುಳ ಬಿತ್ತು. ಒಳಗೆ ಲಲಿತ ಶಾವಿಗೆ ಒತ್ತುವುದಕ್ಕೆ ಮಣೆ ಇಳಿಸುತ್ತಿದ್ದಳು. ಊಟ ಮಾಡಿ ಎದ್ದ ಅಳಿಯಂದಿರು ನನ್ನ ಚಿತ್ರವನ್ನು ಬಾಯಿ ತುಂಬ ಹೊಗಳಿ, ತಮ್ಮ ಮಗಳಿಗೆ ದಾಸವಾಳ ಹೂವಿನ ಉದ್ದಸೀಳಿಕೆಯ ಚಿತ್ರವೊಂದು ಬೇಕು ಎಂದರು. ಬಿಡಿಸಿಕೊಟ್ಟೆ. ಅದಕ್ಕೆ ಆ ಹುಡುಗಿಗೆ ಶಾಲೆಯಲ್ಲಿ ಬಹುಮಾನ ಬಂತಂತೆ. ಚಪ್ಪಡಿ ಬರಲಿಲ್ಲ.

ಇದರ ಮಧ್ಯೆ ಅವ್ವನ ಸ್ಥಿತಿ ವಿಚಿತ್ರವಾಯಿತು. ತನಿಖೆಯವರು ಬಂದ ದಿನ ಅವಳು ಗೆಲುವಾಗಿರುತ್ತಿದ್ದಳು, ಮತ್ತೆ ವಾರಗಟ್ಟಲೆ ಮಂಕು. "ಇನ್ನೊಂದು ಅರ್ಜಿ ಕೊಡೋದಲ್ವೇನೋ, ಯಾರಾದ್ರೂ ಬತ್ತಾರೆ" ಎಂದು ಒಂದು ದಿನ ತಾನೇ ಹೇಳಿದಳು. ಅವಳಿಗೆ ಚಪ್ಪಡಿಯ ಆಸೆ ಬಿಟ್ಟುಹೋಗಿದೆ, ತನಿಖೆಯೇ ಸಾಕು ಎನ್ನುವಂತಾಗಿದೆ ಎಂದು ನನಗೆ ಹೊಳೆದು ಬಹಳ ಬೇಸರವಾಯಿತು. ಎದುರು ಜಗುಲಿಯ ಮೇಲೆ ಹೊನ್ನಜ್ಜಿ ಒಬ್ಬಳೇ ಕೂತಿರುತ್ತಿದ್ದಳು. ಕೈಯಲ್ಲಿ ಕೆಲಸವಿರುತ್ತಿರಲಿಲ್ಲ. ಎಷ್ಟೋ ಸಲ ನಾನು ಶಾಲೆಯಿಂದ ಬರುವಾಗ ನನ್ನನ್ನು ಕಂಡು ಕೈಯೆತ್ತಿ ಏನೋ ಕೇಳುವವಳು, ಆಮೇಲೆ ಉತ್ತರ ತನಗೆ ಕೇಳಿಸುವುದಿಲ್ಲ ಎಂದು ನೆನಪಾಗಿ ಕೈ ಇಳಿಸುವವಳು. ಮೂರನೇ ದೂರನ್ನು ನಾನು ಚಿತ್ರವಿಲ್ಲದೆ ಬರೆದೆ. ಚಿತ್ರ ಬಿಡಿಸುವ ಮನಸ್ಸು ಇರಲಿಲ್ಲ.

ಆ ಹೊತ್ತಿಗೆ ಆಫೀಸಿಗೆ ಹೊಸ ಜೂನಿಯರ್ ಎಂಜಿನಿಯರ್ ವರ್ಗವಾಗಿ ಬಂದಿದ್ದರು. ಹೆಸರು ಶರಣಪ್ಪ, ಇನ್ನೂ ಮೀಸೆ ದಟ್ಟವಾಗದ ಹುಡುಗ. ಬಿಸಿಲಲ್ಲಿ ನಡೆದುಕೊಂಡೇ ಬಂದ. ಒಂದೇ ಹೆಜ್ಜೆಗೆ ಚರಂಡಿ ದಾಟಿದ.

"ಎಲ್ಲೈತ್ರಿ ಸರ ನಿಮ್ಮ ಗಟಾರ?"

ಗಟಾರ ಎಂಬ ಪದ ಕಿವಿಗೆ ಬಿದ್ದ ಕೂಡಲೇ ನನ್ನ ಎದೆಯಲ್ಲಿ ಸಣ್ಣದೊಂದು ಆಸೆ ಎದ್ದಿತು. ಅವ್ವನೂ ಅದನ್ನು ಕೇಳಿಸಿಕೊಂಡಳು. ಈ ಸಲ ನಾನು ತಡೆಯಲಿಲ್ಲ.

"ಯಾವೂರಪ್ಪ ನಿಂದು?"

"ಬಿಜಾಪುರದ ಕಡಿ ರೀ ಅಮ್ಮಾರ."

"ಅದು ಹುಳಿಯಾರಿಂದ ಆಚ್ಗಾ?"

"ಭಾಳ ಆಚಿಗಿ ರೀ."

ಅವ್ವ ಬಿಡುವವಳಲ್ಲ. ತಾಯಿಯ ತವರು ಕೇಳಿದಳು, ಅಜ್ಜಿಯ ತವರು ಕೇಳಿದಳು, ಅಣ್ಣನ ಹೆಂಡತಿಯ ಕಡೆಯವರನ್ನು ಕೇಳಿದಳು. ಎಲ್ಲ ಊರುಗಳೂ ಕೃಷ್ಣಾ ನದಿಯ ಆಸುಪಾಸಿನಲ್ಲೇ ಮುಗಿದುಹೋಗುತ್ತಿದ್ದವು. ಅಕ್ಕ ತಂಗಿಯರನ್ನಾದರೂ ಈ ಕಡೆ ಕೊಟ್ಟಿದ್ದಾರೋ ಎಂದರೆ ಅವನಿಗೆ ಅಕ್ಕ ತಂಗಿಯರೇ ಇಲ್ಲ. ಅವ್ವ ಸೋತಳು. ಅವಳು ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೊನೆಗೆ ಎಳನೀರಾದರೂ ಕೊಡೋಣವೆಂದು ಕೆತ್ತಿಸಿ ತಂದರೆ, "ಬ್ಯಾಡ್ರೀ, ಡ್ಯೂಟಿ ಮ್ಯಾಲ ಅದೀನಿ" ಎಂದುಬಿಟ್ಟ. ನಮ್ಮ ಮನೆಯಲ್ಲಿ ಕೆತ್ತಿದ ಎಳನೀರನ್ನು ಬೇಡ ಎಂದವರು ಆವರೆಗೆ ಯಾರೂ ಇರಲಿಲ್ಲ. ಅವ್ವ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತು, ನನಗೆ ಕೊಟ್ಟು, ಒಳಗೆ ಹೋದಳು. ನಾನು ಕುಡಿದೆ. ಅಷ್ಟು ರುಚಿಯಾದ ಎಳನೀರನ್ನು ನಾನು ಕುಡಿದಿಲ್ಲ. ಯಾಕೆಂದರೆ ಅತ್ತ ಅವನು ಕೂತು ಚರಂಡಿ ನೋಡುತ್ತಿದ್ದ! ಮುರಿದ ಕಲ್ಲನ್ನು ಕೋಲಿನಿಂದ ಅಲ್ಲಾಡಿಸಿದ. ದಾಟುವುದು ಯಾರಿಗೆ ಕಷ್ಟ ಎಂದು ಕೇಳಿದ. ಹೇಳಿದೆ. ಎದುರು ಮನೆಯ ಕಡೆ ಒಮ್ಮೆ ನೋಡಿ ಬರೆದುಕೊಂಡ.

ಆ ವಾರವೇ ಕೂಲಿಯವರು ಬಂದರು, ಸಿಮೆಂಟು ಬಂತು, ಹೊಸ ಚಪ್ಪಡಿ ಬಂತು. ನಾನು ಶಾಲೆಯಿಂದ ಬಂದಾಗ ಅವ್ವ ಅಂಗಳದಲ್ಲಿ ಇರಲಿಲ್ಲ, ಹಾಸಿಗೆಯಲ್ಲೂ ಇರಲಿಲ್ಲ. ಗರಿಯ ಕಂತೆಯೂ ಇರಲಿಲ್ಲ. ಎದುರು ಜಗುಲಿಯಿಂದ ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು, ಆಮೇಲೆ ನನಗೆ ಸಂಬಂಧಪಟ್ಟ ಯಾವುದೋ ವಿಷಯಕ್ಕೆ ನಕ್ಕರು. ನನಗೆ ಕಣ್ಣಲ್ಲಿ ನೀರು ಬಂತು. ಗಂಡಸು ಬೀದಿಯಲ್ಲಿ ನಿಂತು ಅಳಬಾರದು ಎಂದು ಚಪ್ಪಡಿಯನ್ನು ಪರೀಕ್ಷೆ ಮಾಡುವವನ ಹಾಗೆ ಬಗ್ಗಿ ನಿಂತುಕೊಂಡೆ.

ಇಲ್ಲಿಗೆ ಮುಗಿಸಿದ್ದರೆ ಇದು ಪಟ್ಟಣ ಪಂಚಾಯ್ತಿಯ ಗೋಡೆಗೆ ಬರೆಸುವಂಥ ಕಥೆಯಾಗುತ್ತಿತ್ತು. ಆದರೆ ಅವ್ವನ ಕಡೆಯ ಒಂದು ತನಿಖೆ ಮುಗಿಯದೆ ಉಳಿದಿತ್ತು. ಆ ಹುಡುಗನಿಗೆ ಈ ಸೀಮೆಯಲ್ಲಿ ಒಬ್ಬರೂ ನೆಂಟರಿಲ್ಲ ಎಂಬುದು ಅವಳಿಗೆ ಸಹಿಸಲಾಗದ ಸಂಗತಿ. ಹೊನ್ನಜ್ಜಿಯ ಜಗುಲಿಯಲ್ಲಿ ದಿನಾ ಇದೇ ಚರ್ಚೆ. "ಹಬ್ಬ ಹುಣ್ಣಿಮೆಗೆ ಯಾರ ಮನೇಗ್ ಹೋಗ್ತಾನೆ ಪಾಪ, ಓಟ್ಲು ಅನ್ನ ತಿಂದ್ಕಂಡಿರ್ತಾನೆ" ಎಂದು ಅವ್ವ. "ನೋಡು, ಏನಾದ್ರೂ ಮಾಡು" ಎಂದು ಹೊನ್ನಜ್ಜಿ. ಕೆಲಸ ಮಾಡುವ ಅಧಿಕಾರಿ ಸಿಗುವುದೇ ಅಪರೂಪ, ಅವನು ಹಾಗೆ ನೆಂಟರಿಲ್ಲದೆ ಇರುವುದರಲ್ಲೇ ಊರಿಗೆ ಹಿತ ಎಂದು ನಾನು ಹೇಳಿದರೆ, ಇಬ್ಬರೂ ನನ್ನನ್ನು ಕಟುಕನನ್ನು ನೋಡುವ ಹಾಗೆ ನೋಡಿದರು.

ಗೌರಿ ಹಬ್ಬ ಹತ್ತಿರ ಬಂತು. ಲಲಿತಳಿಗೆ ಅಣ್ಣ ತಮ್ಮಂದಿರಿಲ್ಲ. ನಮ್ಮ ಮಾವನವರು ಇರುವ ತನಕ ಹಬ್ಬಕ್ಕೆ ತವರಿನಿಂದ ಅರಿಸಿನ ಕುಂಕುಮ, ಬಳೆ, ಕುಪ್ಪಸದ ಕಣ ಬರುತ್ತಿತ್ತು. ಅವರು ಹೋದಮೇಲೆ ಬರುವುದು ನಿಂತಿತು. ಬೀದಿಯ ಹೆಂಗಸರೆಲ್ಲ ಅಣ್ಣ ಬಂದ, ತಮ್ಮ ಬಂದ ಎಂದು ಓಡಾಡುತ್ತಿದ್ದರೆ ಇವಳು ಅವತ್ತು ಬೇಕೆಂದೇ ಅಟ್ಟದ ಕೆಲಸ ಹಚ್ಚಿಕೊಳ್ಳುತ್ತಿದ್ದಳು. ಕೊಬ್ಬರಿಗೆ ಹಾಕಿದ ಕಾಯನ್ನೆಲ್ಲ ತಿರುವಿ ಹಾಕುವುದು, ಧೂಳು ಹೊಡೆಯುವುದು. ನನಗೆ ಅದು ಗೊತ್ತಾಗುತ್ತಿತ್ತು, ಏಣಿ ಹಿಡಿದುಕೊಂಡು ನಿಲ್ಲುತ್ತಿದ್ದೆ. ಆ ವರ್ಷವೂ ಅವಳು ಏಣಿ ಹತ್ತಿದ್ದಳು. ಬಾಗಿಲಲ್ಲಿ ಶರಣಪ್ಪ ಬಂದು ನಿಂತ. ಹೊಸ ಅಂಗಿ, ಕೈಯಲ್ಲಿ ಒಂದು ಚೀಲ. ಅವ್ವ ಯಾರ ಕೈಯಲ್ಲಿ ಹೇಳಿ ಕಳಿಸಿದ್ದಳೋ, ಏನೆಂದು ಹೇಳಿ ಕಳಿಸಿದ್ದಳೋ, ನನಗೆ ಒಂದೂ ತಿಳಿಯದು.

"ಲಲಿತಾ, ಇಳಿದು ಬಾ. ನಿನ್ ತಮ್ಮ ಬಂದವ್ನೆ" ಎಂದಳು ಅವ್ವ.

ಲಲಿತ ಮೈಯೆಲ್ಲ ಧೂಳು ಮಾಡಿಕೊಂಡು ಏಣಿಯ ಅರ್ಧಕ್ಕೆ ಇಳಿದು ಅಲ್ಲೇ ನಿಂತಳು. ಶರಣಪ್ಪ ಚೀಲದಿಂದ ಬಳೆ, ಕುಪ್ಪಸದ ಕಣ, ಅರಿಸಿನ ಕುಂಕುಮದ ಪೊಟ್ಟಣ ತೆಗೆದು ತಟ್ಟೆಯಲ್ಲಿ ಇಟ್ಟ. ತಲೆ ತಗ್ಗಿಸಿಕೊಂಡೇ ಹೇಳಿದ: "ನಮ್ಮ ಕಡಿ ಪಂಚಮಿಗೆ ಕೊಡ್ತೀವ್ರಿ ಅಕ್ಕ. ನನಗ ಅಕ್ಕ ತಂಗೇರು ಯಾರೂ ಇಲ್ಲ. ನಮ್ಮವ್ವ ಪ್ರತಿ ಪಂಚಮಿಗೆ ಉಂಡಿ ಕಟ್ಟಿ, ಯಾರನ್ನ ಕರೀಲಿ ಅಂತ ಅಳ್ತಿದ್ಲು." ಲಲಿತ ಅತ್ತಳು.

ಆವತ್ತು ಅವನು ಎಳನೀರು ಕುಡಿದ. ಒಂದಲ್ಲ, ಎರಡು. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಅವನು ಹೋಗುವಾಗ, "ಬರ್ತೀನ್ರಿ ಭಾವಾ" ಎಂದಾಗ ಮಾತ್ರ, ನನ್ನೊಳಗೆ ಕಂದಾಯ ಕಟ್ಟುವ ಪೌರನೊಬ್ಬ ಇದ್ದನಲ್ಲ, ಅವನು ತಲೆಯ ಮೇಲೆ ಕೈಯಿಟ್ಟುಕೊಂಡು ಕೂತ.

ಮಳೆ ಜೋರಾಯಿತು. ಚಪ್ಪಡಿಯ ಒಂದು ಮೂಲೆಯ ಕೆಳಗಿನ ಗಾರೆ ಕೊಚ್ಚಿಕೊಂಡು ಹೋಯಿತು. ಕಾಲಿಟ್ಟರೆ ಚಪ್ಪಡಿ ಒಂದು ಕಡೆಗೆ ವಾಲಿ ಟಕ್ ಎನ್ನುತ್ತಿತ್ತು. ಹಬ್ಬದ ಮೇಲೆ ಶರಣಪ್ಪ ಆಗಾಗ ಊಟಕ್ಕೆ ಬರುತ್ತಿದ್ದವನು ಒಂದು ದಿನ ಅದರ ಮೇಲೆ ಕಾಲಿಟ್ಟು ನಿಂತುಬಿಟ್ಟ. "ಭಾವಾ, ಇದು ಅಳ್ಳಾಡಾಕತ್ತೈತಲ್ರೀ? ನೀವು ಒಂದು ದೂರು ಬರದು ಕೊಡ್ರಿ, ಗುತ್ತಿಗೆದಾರನ್ನ ಹಿಡ್ಕೊಂಡು ಮತ್ತ ಮಾಡಸ್ತೀನಿ. ದೂರು ಇಲ್ಲದ ನನಗ ಕೇಳಾಕ ಬರಂಗಿಲ್ಲ" ಎಂದ. ನ್ಯಾಯವಾದ ಮಾತು. ನೆಂಟನಾದ ಮೇಲೂ ಅವನು ಕೆಟ್ಟಿರಲಿಲ್ಲ. ಪೆನ್ನು ಕೂಡ ಜೇಬಿನಿಂದ ತೆಗೆದಿದ್ದ. ಆದರೆ ದೂರು ಕೊಟ್ಟರೆ ಅದು ಅವನೇ ಮಾಡಿಸಿದ ಕಾಮಗಾರಿಯ ಮೇಲೆ ದೂರು. ಮೇಲಿನವರು ಅವನನ್ನೇ ಕೇಳುತ್ತಾರೆ. ನಾನು ಚಪ್ಪಡಿಯ ಮೇಲೆ ಹತ್ತಿ, ಅದು ಟಕ್ ಎನ್ನದ ಹಾಗೆ ಎರಡೂ ಕಾಲು ಅಗಲಿಸಿ ಗಟ್ಟಿಯಾಗಿ ಒತ್ತಿ ನಿಂತುಕೊಂಡು, "ಎಲ್ಲಪ್ಪ ಅಲ್ಲಾಡುತ್ತೆ? ಬಂಡೆಯ ಹಾಗಿದೆ" ಎಂದೆ. "ಬಂಡೆ ಇದ್ದಂಗೈತೆ" ಎಂದಳು ಅವ್ವ ಬಾಗಿಲಿನಿಂದ. "ಕೈ ತೊಳ್ಕೊ ಬಾ ತಮ್ಮಾ, ಮುದ್ದೆ ಆರೋಗುತ್ತೆ" ಎಂದಳು ಲಲಿತ. ಅವನು ಪೆನ್ನು ಜೇಬಿಗೆ ಹಾಕಿದ. ಇಷ್ಟು ದಿನ ನನ್ನ ದೂರುಗಳನ್ನು ಕೊಂದವರು ಆಫೀಸಿನ ನೆಂಟರು ಎಂದು ನಾನು ಬೈದುಕೊಂಡಿದ್ದೆ. ಇಲ್ಲಿ ನೋಡಿದರೆ ನಾನೇ ಅದರ ಮೇಲೆ ಹತ್ತಿ ನಿಂತಿದ್ದೆ.

ಅಲ್ಲಾಡುವ ಚಪ್ಪಡಿಯ ಮೇಲೆ ಅವ್ವನನ್ನು ಒಬ್ಬಳೇ ಬಿಡುವಂತಿಲ್ಲ. ಹಾಗಾಗಿ ಈಗ ಅವಳನ್ನು ದಾಟಿಸುವುದು ನನ್ನ ಕೆಲಸವಾಗಿದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಶಾಲೆಯಿಂದ ಓಡಿ ಬಂದು ಕೈ ಹಿಡಿದು ಆ ಕಡೆಗೆ ಬಿಡುತ್ತೇನೆ, ಸಾಯಂಕಾಲ ಈ ಕಡೆಗೆ ಕರೆತರುತ್ತೇನೆ. ಮೊನ್ನೆ ಶಾಲೆಯಲ್ಲಿ ಚಿತ್ರಕಲೆ ಪರೀಕ್ಷೆ ಇದ್ದು ನಾನು ಬರುವುದು ತಡವಾಯಿತು. ಬಂದಾಗ ಬೀದಿಯ ದೀಪ ಹತ್ತಿತ್ತು. ಅವ್ವ ಹೊನ್ನಜ್ಜಿಯ ಜಗುಲಿಯಲ್ಲೇ ಕೂತಿದ್ದಳು, ಪಕ್ಕದಲ್ಲಿ ಶರಣಪ್ಪ ಕೂತಿದ್ದ. "ಬಾ ಇಲ್ಲಿ" ಎಂದಳು ಅವ್ವ. ದೂರು ಆಗಲೇ ದಾಖಲಾಗಿತ್ತು. ಹೇಳಿದ ಹೊತ್ತಿಗೆ ಬರುವುದಿಲ್ಲ, ಬಂದರೂ ಗಡಿಬಿಡಿ ಮಾಡುತ್ತಾನೆ, ಕೈಯನ್ನು ಜೋರಾಗಿ ಎಳೆಯುತ್ತಾನೆ, ಮಾತಾಡಿದರೆ ಮುಖ ಗಂಟು ಹಾಕುತ್ತಾನೆ. ಹೊನ್ನಜ್ಜಿ ಸಾಕ್ಷಿ ಹೇಳಿದಳು, ಆಕೆಗೆ ಕೇಳಿಸದಿದ್ದರೂ ಕಣ್ಣು ಚೆನ್ನಾಗಿದೆ. ಶರಣಪ್ಪ ಇಬ್ಬರ ಮಾತನ್ನೂ ಪೂರ್ತಿ ಕೇಳಿದ, ನನ್ನ ಕಡೆಯ ಮಾತನ್ನೂ ಕೇಳಿದ, ಎದ್ದು ಚಪ್ಪಡಿಯವರೆಗೆ ಹೋಗಿ ಸ್ಥಳವನ್ನೂ ನೋಡಿ ಬಂದ. "ಭಾವಾ, ನಾಳಿಂದ ಹೊತ್ತಿಗೆ ಸರಿಯಾಗಿ ಬರ್ರಿ, ಸಾವಕಾಶ ಕರ್ಕೊಂಡು ಹೋಗ್ರಿ" ಎಂದ. ದೂರು ಕೊಟ್ಟದ್ದು, ತನಿಖೆಯಾದದ್ದು, ಪರಿಹಾರವಾದದ್ದು, ಎಲ್ಲವೂ ಒಂದೇ ಸಂಜೆಯಲ್ಲಿ. ನಮ್ಮೂರಿನಲ್ಲಿ ಇಷ್ಟು ಬೇಗ ಇತ್ಯರ್ಥವಾದ ದೂರನ್ನು ನಾನು ಕಂಡಿಲ್ಲ. ಮೇಲಿನವರಿಗೆ ಮನವಿ ಮಾಡಿಕೊಳ್ಳೋಣ ಎಂದರೆ, ನನಗೆ ಮೇಲಿನವಳು ಎಂದು ಇರುವವಳು ಅವ್ವ ಒಬ್ಬಳೇ. ಅವಳು ಆಗಲೇ ಎದ್ದು ನಿಂತು ಕೈ ಚಾಚಿದ್ದಳು.